ಜಾತ್ರೆಯ ಶಸ್ತ್ರ ಮತ್ತು ನಮ್ಮ ಹುಡುಗರು

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಪೂಜ್ಯರು ನನಗೆ ಕೊಟ್ಟ ವಿಷಯ ‘ಯುವಕರು ಮತ್ತು ಪರಂಪರೆ’. ಇದು ಬಹಳ ದೊಡ್ಡ ವಿಷಯ. ಇಷ್ಟು ದೊಡ್ಡ ವಿಷಯ ಹಿಡಿದುಕೊಂಡು ಮಾತಾಡಿದರೆ ಕೇಳುವವರಿಗೆ ನಿದ್ದೆ ಬರುತ್ತದೆ, ಹೇಳುವವನಿಗೆ ಏನು ಹೇಳಿದೆ ಎಂಬುದೇ ನೆನಪಿರುವುದಿಲ್ಲ. ಅದಕ್ಕೆ ನಾನು ಒಂದೇ ಒಂದು ಸಂಗತಿಯನ್ನು ಎತ್ತಿಕೊಳ್ಳುತ್ತೇನೆ. ವೀರಭದ್ರನ ಜಾತ್ರೆಯಲ್ಲಿ ನಮ್ಮ ಹುಡುಗರು ಹಾಕಿಸಿಕೊಳ್ಳುತ್ತಿದ್ದ ಶಸ್ತ್ರ, ಮತ್ತು ಅದನ್ನು ನಮ್ಮೂರಿನಲ್ಲಿ ಬಿಡಿಸಿದ ಬಗೆ. ಪೂರ್ತಿ ಬಿಟ್ಟಿಲ್ಲ, ಅದನ್ನೂ ಹೇಳುತ್ತೇನೆ.

ಈ ಕಡೆಯವರಿಗೆ ಶಸ್ತ್ರ ಅಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಪಟ್ಟಣದಲ್ಲಿ ಬೆಳೆದ ಮಕ್ಕಳು ಕೂತಿದ್ದಾರೆ, ಎರಡು ಮಾತು ಹೇಳಿಬಿಡುತ್ತೇನೆ. ನಮ್ಮಲ್ಲಿ ಎಷ್ಟೋ ಲಿಂಗಾಯತ ಮನೆಗಳಿಗೆ ವೀರಭದ್ರ ಮನೆದೇವರು. ಮದುವೆಗೆ ಮುಂಚೆ ಗುಗ್ಗಳ, ವರ್ಷಕ್ಕೊಮ್ಮೆ ಜಾತ್ರೆ. ಮುಂದೆ ಪುರವಂತರು ಒಡಪು ಹೇಳುತ್ತ ಕುಣಿಯುತ್ತಾರೆ, ಸಮಾಳ ಬಾರಿಸುತ್ತದೆ, ಹಿಂದೆ ಗುಗ್ಗಳ ಕೊಡ, ಪಲ್ಲಕ್ಕಿ. ಆ ಹೊತ್ತಿನಲ್ಲಿ ಹರಕೆ ಹೊತ್ತವರು ಕೆನ್ನೆಗೆ ಕಬ್ಬಿಣದ ಸಣ್ಣ ಸಲಾಕೆ ಚುಚ್ಚಿಸಿಕೊಂಡು ಆಚೆ ಕೆನ್ನೆಯಿಂದ ತೆಗೆಸಿಕೊಳ್ಳುತ್ತಾರೆ. ಕೆಲವರು ನಾಲಿಗೆಗೆ ಹಾಕಿಸಿಕೊಳ್ಳುತ್ತಾರೆ, ಕೆಲವರು ಚುಚ್ಚಿದ ಜಾಗದಲ್ಲಿ ದಾರ ಎಳೆಸಿಕೊಳ್ಳುತ್ತಾರೆ. ತೆಗೆದ ಮೇಲೆ ವಿಭೂತಿ ಒತ್ತುತ್ತಾರೆ. ಮೀಸೆ ಚಿಗುರುವ ವಯಸ್ಸಿನ ಹುಡುಗನಿಗೆ ಅವತ್ತು ‘ಗಂಡಸಾದ’ ಎಂಬ ಮಾತು ಸಿಗುತ್ತದೆ.

ಇದು ಶರಣ ತತ್ವಕ್ಕೆ ಒಪ್ಪುವುದಿಲ್ಲ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ನಮ್ಮ ಶರಣರು ಈ ಕಾಯವನ್ನು ಪ್ರಸಾದವೆಂದರು. ಅಂಗದ ಮೇಲೆ ಲಿಂಗ ಧರಿಸಿದ ಮೇಲೆ ಆ ಅಂಗವನ್ನೇ ಚುಚ್ಚಿ ದೇವರನ್ನು ಒಲಿಸಿಕೊಳ್ಳಬೇಕಾದ ಅಗತ್ಯ ಎಲ್ಲಿ ಬಂತು? ಆರೋಗ್ಯದ ಮಾತು ಬೇರೆ ಇದೆ. ಒಬ್ಬನ ಕೆನ್ನೆಯಿಂದ ತೆಗೆದ ಸಲಾಕೆಯನ್ನು ಬಟ್ಟೆಯಲ್ಲಿ ಒರೆಸಿ ಇನ್ನೊಬ್ಬನಿಗೆ ಹಾಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೆಪಟೈಟಿಸ್ ಬಿ ಕಾಯಿಲೆಯ ವೈರಾಣು ಮೈಯಿಂದ ಹೊರಗೆ ಬಿದ್ದರೂ 7 ದಿನ ಜೀವ ಹಿಡಿದುಕೊಂಡಿರಬಲ್ಲದು; ಬಟ್ಟೆಯಲ್ಲಿ ಒರೆಸಿದರೆ ಅದು ಹೋಗುವುದಿಲ್ಲ. ಇನ್ನು ಕಾನೂನು. ಅಮಾನವೀಯ ದುಷ್ಟ ಪದ್ಧತಿಗಳನ್ನು ತಡೆಯಲು ನಮ್ಮ ರಾಜ್ಯ 2017ರಲ್ಲಿ ಮಾಡಿ 2020ರ ಜನವರಿಯಲ್ಲಿ ಜಾರಿಗೆ ತಂದ ಕಾಯಿದೆಯಲ್ಲಿ ದವಡೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಲಾಕೆ ಚುಚ್ಚುವ ಮಾತು ಬಂದಿದೆ.

ತತ್ವ, ಆರೋಗ್ಯ, ಕಾನೂನು ಮೂರೂ ನಮ್ಮ ಕಡೆಗಿವೆ. ಆದರೂ ಶಸ್ತ್ರ ನಿಂತಿರಲಿಲ್ಲ. ನನಗೆ ಕೇಳಬೇಕೆನಿಸಿದ್ದು ಇದೇ. ಮೂರೂ ನಮ್ಮ ಕಡೆ ಇದ್ದು ಹುಡುಗರು ಮಾತ್ರ ಯಾಕೆ ಆ ಕಡೆ ಇದ್ದರು?

ಒಂದು ವರ್ಷ ಪಟ್ಟಣದಿಂದ ಕೆಲವು ಗೆಳೆಯರು ಕರಪತ್ರ ತಂದು ಜಾತ್ರೆಯ ದಿನವೇ ಹಂಚಿದರು. ಒಳ್ಳೆಯ ಮನಸ್ಸಿನವರು, ಓದಿದವರು. ಕರಪತ್ರದಲ್ಲಿ ‘ಮೌಢ್ಯ’, ‘ಅನಾಗರಿಕ’ ಎಂಬ ಪದಗಳಿದ್ದವು. ಹುಡುಗರು ಅದನ್ನು ಓದಿ ಮಡಚಿ ಕಿಸೆಯಲ್ಲಿಟ್ಟುಕೊಂಡರು. ಅವತ್ತು ಹಾಕಿಸಿಕೊಳ್ಳಬೇಕೆಂದು ಮನಸ್ಸು ಮಾಡದಿದ್ದವರೂ ಮುಂದೆ ಬಂದು ಕೆನ್ನೆ ಕೊಟ್ಟರು. ಮುಂದಿನ ವರ್ಷ ಪೊಲೀಸರು ಬಂದು ನಿಂತರು. ಅವರು ಹೋದ ಮೇಲೆ ಹೊಲದ ಬದುವಿನಲ್ಲಿ, ಬ್ಯಾಟರಿ ಬೆಳಕಿನಲ್ಲಿ ಹಾಕಿಸಿಕೊಂಡರು. ಮೊದಲು ಬೆಳಕಿನಲ್ಲಿ, ನಾಲ್ಕು ಜನ ಹಿರಿಯರ ಮುಂದೆ ಆಗುತ್ತಿದ್ದದ್ದು ಕತ್ತಲಿಗೆ ಹೋಯಿತು. ಅಷ್ಟೇ ಆದ ಬದಲಾವಣೆ.

ಒಬ್ಬ ಹುಡುಗ, ಪಿಯುಸಿ ಓದುವವ, ನನಗೆ ಮುಖಕ್ಕೆ ಮುಖ ಕೊಟ್ಟು ಕೇಳಿದ. “ಸರ್, ಬಸವ ಜಯಂತಿಗೆ ನೀವು ಡಿಜೆ ಹಚ್ಚಿ ಸಿನಿಮಾ ಹಾಡಿಗೆ ಕುಣಿಸ್ತೀರಿ. ನಾವು ಉಪವಾಸ ಇದ್ದು ಶಸ್ತ್ರ ಹಾಕಿಸ್ಕೊಂತೀವಿ. ಯಾರದು ಭಕ್ತಿ ಹೇಳ್ರಿ?” ಡಿಜೆ ನಾನು ಹಚ್ಚಿಸಿದ್ದಲ್ಲ. ಆದರೆ ಅವನ ಮಾತಿನಲ್ಲಿ ಹುರುಳಿತ್ತು. 1913ರಲ್ಲಿ ದಾವಣಗೆರೆಯಲ್ಲಿ ಹರ್ಡೇಕರ ಮಂಜಪ್ಪನವರು ಮೃತ್ಯುಂಜಯ ಸ್ವಾಮಿಗಳ ಜೊತೆ ನಿಂತು ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಲು ಶುರು ಮಾಡಿದಾಗ ಅದನ್ನು ಡಿಜೆಗಾಗಿ ಮಾಡಿರಲಿಲ್ಲ. ನಮ್ಮ ಸುಧಾರಣೆಯ ಹಬ್ಬವೇ ಹೀಗೆ ಸಡಿಲಾಗಿರುವಾಗ ಇನ್ನೊಬ್ಬರ ಹಬ್ಬದ ಕಡೆ ಬೆರಳು ತೋರಿಸಿದರೆ ಹುಡುಗರು ನಗುತ್ತಾರೆ, ಅಷ್ಟೇ.

ಆಮೇಲೆ ಆ ಹುಡುಗನ ಓಣಿಗೆ ಹೋಗಿ ಕೂತೆ. ಒಂದು ದಿನ ಅಲ್ಲ, ಒಂದು ಮಳೆಗಾಲ. ಅಲ್ಲಿ ನನಗೆ ತಿಳಿದ ಒಂದು ಸಂಗತಿಯನ್ನು ಯಾವ ಕರಪತ್ರದಲ್ಲೂ ನಾನು ಓದಿರಲಿಲ್ಲ. ಜಾತ್ರೆಯಲ್ಲಿ ಗೌರವ ಅನ್ನುವುದು ಬಹುಮಟ್ಟಿಗೆ ದುಡ್ಡಿನದು. ತೇರಿನ ಪಟ ಸವಾಲಿಗೆ ಹೋಗುತ್ತದೆ, ದುಡ್ಡಿದ್ದವರು ಕೂಗುತ್ತಾರೆ. ದೊಡ್ಡ ಹೂವಿನ ಹಾರ ತರುವವರು ದುಡ್ಡಿದ್ದವರು. ಮೈಕಿನಲ್ಲಿ ಹೆಸರು ಬರುವುದು ದೇಣಿಗೆ ಕೊಟ್ಟವರದು. ಮೂರು ಎಕರೆ ಒಣಬೇಸಾಯದ ಮನೆಯ ಹುಡುಗನಿಗೆ, ಕೂಲಿಗೆ ಹೋಗುವವನಿಗೆ, ಗ್ಯಾರೇಜಿನಲ್ಲಿ ಪಾನಾ ಹಿಡಿಯುವವನಿಗೆ ಪಲ್ಲಕ್ಕಿಯ ಮುಂದೆ, ಇಡೀ ಊರಿನ ಕಣ್ಣ ಮುಂದೆ, ದುಡ್ಡು ಕೊಡದೆ ನಡೆಯಲು ಇದ್ದದ್ದು ಒಂದೇ ದಾರಿ. ಕೆನ್ನೆ ಕೊಡುವುದು. ನಾವು ಹೋಗಿ ಅದನ್ನೂ ಬಿಡು ಎಂದರೆ ಅವನ ಕಿವಿಗೆ ಏನು ಕೇಳಿಸುತ್ತದೆ? ‘ನಿನಗೆ ಜಾತ್ರೆಯಲ್ಲಿ ಜಾಗ ಇಲ್ಲ’ ಎಂದು ಕೇಳಿಸುತ್ತದೆ.

ಹೀಗಾಗಿ ಶಸ್ತ್ರವನ್ನು ಬಿಡಿಸುವ ಮಾತಿಗಿಂತ ಮೊದಲು ಆ ಜಾಗವನ್ನು ಉಳಿಸುವ ಮಾತು ಆಗಬೇಕಿತ್ತು. ಹಣ ಕೇಳದ ಜಾಗ. ಹಗಲಿನಲ್ಲಿ, ಪಲ್ಲಕ್ಕಿಯ ಮುಂದೆ, ಊರು ನೋಡುವ ಜಾಗ.

ಮೊದಲು ನಾವು ಹೋದದ್ದು ಪುರವಂತಜ್ಜನ ಮನೆಗೆ. ಎಪ್ಪತ್ತು ದಾಟಿದ ಹಿರಿಯರು. ನಮ್ಮ ಸಂಘದ ಕೆಲವರಿಗೆ ಇದು ಸೇರಲಿಲ್ಲ, ಶಸ್ತ್ರ ಹಾಕುವವರ ಬಳಿಗೇ ಹೋಗುವುದೇ ಎಂದರು. ನಾವು ಏನೂ ಕೇಳದೆ ಒಡಪು ಹೇಳಿರಿ ಎಂದೆವು. ಅಜ್ಜ ಎರಡು ತಾಸು ಹೇಳಿದರು. ಅದರಲ್ಲಿ ದಕ್ಷನ ಯಜ್ಞ ಅಷ್ಟೇ ಅಲ್ಲ, ಶರಣರ ಕಥೆಗಳೂ ಬಂದವು. ಕೊನೆಗೆ ಅವರೇ ಎತ್ತಿದರು. “ಈಗಿನ ಹುಡುಗ್ರು ಕುಡದು ಬಂದು ಕೆನ್ನಿ ಕೊಡ್ತಾರ್ರಿ. ನೋವು ಗೊತ್ತಾಗಬಾರದಂತ. ನಿಯಮ ಇಲ್ಲ, ಲಿಂಗ ಪೂಜಿ ಇಲ್ಲ. ಇಂಥವರಿಗೆ ಹಾಕಾಕ ನನಗ ಕೈ ನಡುಗ್ತೈತಿ. ಒಲ್ಲೆ ಅಂದ್ರ ಜಗಳಕ್ಕ ಬರ್ತಾರ.”

ಹೊರಗಿನಿಂದ ನಾವು ತರಬೇಕೆಂದಿದ್ದ ಬದಲಾವಣೆಯನ್ನು ಬಯಸುವ ಒಬ್ಬರು ಒಳಗೇ ಇದ್ದರು. ಅವರನ್ನು ಯಾರೂ ಕೇಳಿರಲಿಲ್ಲ. ಆ ವರ್ಷದ ನಿಯಮವನ್ನು ನಾವು ಮಾಡಲಿಲ್ಲ, ಅವರು ಮಾಡಿದರು. ಪಲ್ಲಕ್ಕಿ ಮುಂದೆ ನಡೆಯಬೇಕೆಂದರೆ 41 ದಿನ ಕುಡಿತ ಇಲ್ಲ, ಗುಟ್ಕಾ ಇಲ್ಲ, ದಿನಾ ಇಷ್ಟಲಿಂಗ ಪೂಜೆ. ಲಿಂಗ ಇಲ್ಲದವರು ಮಠಕ್ಕೆ ಬಂದು ದೀಕ್ಷೆ ಪಡೆಯಬೇಕು. ಶಸ್ತ್ರದ ಬಗ್ಗೆ ಅಜ್ಜ ಅವತ್ತು ಒಂದು ಮಾತೂ ಆಡಲಿಲ್ಲ. ನಾವೂ ಆಡಲಿಲ್ಲ. ಪುರವಂತರು ಹೇಳಿದ ನಿಯಮವಾದ್ದರಿಂದ ಹುಡುಗರು ಎದುರಾಡಲಿಲ್ಲ. 41 ದಿನ ಹಿಡಿಯಲಾರದವರು ತಾವಾಗಿಯೇ ಹಿಂದೆ ಸರಿದರು. ಹಿಡಿದವರು ದಿನಾ ಸಂಜೆ ಮಠದಲ್ಲಿ ಕೂಡಲು ಶುರು ಮಾಡಿದರು, ಸಮಾಳ ಕಲಿತರು. ನಮಗೆ ಅವರ ಜೊತೆ ಮಾತಾಡಲು ದಿನಾ ಒಂದು ತಾಸು ಸಿಕ್ಕಿತು. ವಚನದ ಮಾತು, ಕಾಯಕದ ಮಾತು, ಶಸ್ತ್ರದ ಮಾತೂ ಅಲ್ಲಿಯೇ ಬಂತು. ಈ ಸಲ ಅದನ್ನು ಎತ್ತಿದವರು ಅವರು.

ಆದರೆ ಹುಡುಗರು ಒಪ್ಪಿದರೆ ಮುಗಿಯಲಿಲ್ಲ. ಹರಕೆ ಹುಡುಗನದಲ್ಲ, ತಾಯಿಯದು. ಮಗುವಿಗೆ ಜ್ವರ ಬಂದು ಮೂರು ದಿನ ಕಣ್ಣು ಬಿಡದಿದ್ದಾಗ, ಆಸ್ಪತ್ರೆಗೆ ಒಯ್ಯಲು ಗಾಡಿ ಇಲ್ಲದ ರಾತ್ರಿಯಲ್ಲಿ, ‘ಇವನು ಉಳಿದರೆ ನಿನ್ನ ಮುಂದೆ ಶಸ್ತ್ರ ಹಾಕಿಸುತ್ತೇನೆ’ ಎಂದು ಹೇಳಿಕೊಂಡವಳು ಅವಳು. ಒಬ್ಬ ತಾಯಿ ನನಗೆ ಕೇಳಿದ್ದನ್ನು ಹಾಗೇ ಹೇಳುತ್ತೇನೆ. “ಮಾಸ್ತರ, ನಿಮ್ಮ ಮಾತು ಖರೆ ಇರಬಹುದು. ನಾಳೆ ನನ್ನ ಮಗನಿಗೆ ಏನರೆ ಆದ್ರ ನೀವು ಬಂದು ನನ್ನ ಮುಂದ ನಿಂದರ್ತೀರೇನು?” ಇದಕ್ಕೆ ಉಪನ್ಯಾಸದಲ್ಲಿ ಉತ್ತರ ಇಲ್ಲ.

ಇಲ್ಲಿ ನಮಗೆ ದಾರಿ ತೋರಿಸಿದ್ದು ಇಳಕಲ್ಲ ಚಿತ್ತರಗಿ ಮಠದ ಮಹಾಂತ ಅಪ್ಪಗಳ ಜೋಳಿಗೆ. ನಿಮಗೆಲ್ಲ ಗೊತ್ತಿದೆ, 1975ರಿಂದ ಅವರು ಊರೂರು ತಿರುಗಿ ಜೋಳಿಗೆ ಹಿಡಿದು ಭಿಕ್ಷೆ ಬೇಡಿದರು. ದವಸ ಬೇಡಲಿಲ್ಲ, ದುಡ್ಡು ಬೇಡಲಿಲ್ಲ. ನಿಮ್ಮ ಚಟ ಹಾಕಿರಿ ಎಂದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರಕಾರವೇ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಅಪ್ಪಗಳು ಮಾಡಿದ್ದರಲ್ಲಿ ನನಗೆ ದೊಡ್ಡದೆನಿಸುವುದು ಇದು. ‘ಬಿಡು’ ಅನ್ನುವುದರ ಬದಲು ‘ನನಗೆ ಕೊಡು’ ಅಂದರು. ಬಿಡು ಅಂದರೆ ಸೋತವನಾಗುತ್ತಾನೆ, ಕೊಡು ಅಂದರೆ ಅವನೇ ದಾನಿ.

ನಮ್ಮೂರ ಮಠದ ಅಜ್ಜಾರು ಅದನ್ನೇ ಮಾಡಿದರು. ಜಾತ್ರೆಗೆ ಹದಿನೈದು ದಿನ ಮುಂಚೆ ಹರಕೆ ಹೊತ್ತ ಮನೆಗಳಿಗೆ ತಾವೇ ನಡೆದು ಹೋದರು. “ನಿನ್ನ ಹರಕಿ ಈ ಜೋಳಿಗ್ಯಾಗ ಹಾಕವ್ವ. ಇವತ್ತಿನಿಂದ ಅದು ನನ್ನದು. ತಪ್ಪು ಅಂತ ಬಂದ್ರ ನನಗ ಬರ್ಲಿ” ಅಂದರು. ಕೆಲವರು ಅಳುತ್ತ ಹಾಕಿದರು. ಕೆಲವರು ಬಾಗಿಲು ತೆಗೆಯಲಿಲ್ಲ, ಅಜ್ಜಾರು ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದು ಬಂದರು.

ನಮ್ಮ ಗೆಳೆಯರೊಬ್ಬರು ಇದನ್ನು ಆಕ್ಷೇಪಿಸಿದರು. ‘ತಪ್ಪು ನನಗೆ ಬರಲಿ’ ಎಂದರೆ ತಪ್ಪು ಬರುತ್ತದೆ ಎಂದು ಒಪ್ಪಿದಂತಾಯಿತಲ್ಲ, ದೇವರು ಶಾಪ ಕೊಡುತ್ತಾನೆ ಎಂಬ ಮೌಢ್ಯಕ್ಕೆ ಸ್ವಾಮಿಗಳೇ ಮುದ್ರೆ ಒತ್ತಿದಂತಾಯಿತಲ್ಲ ಎಂದರು. ವಾದದಲ್ಲಿ ಅವರು ಗೆಲ್ಲುತ್ತಾರೆ. ಆದರೆ ಆ ತಾಯಿಯ ಹತ್ತಿರ ಇದ್ದದ್ದು ವಾದ ಅಲ್ಲ, ಭಯ. ಭಯ ವಾದಕ್ಕೆ ಹೋಗುವುದಿಲ್ಲ, ಇನ್ನೊಬ್ಬರು ಹೊತ್ತುಕೊಂಡರೆ ಹೋಗುತ್ತದೆ. ಎರಡು ಜಾತ್ರೆ ಕಳೆದ ಮೇಲೆ, ಮಗ ಗಟ್ಟಿಮುಟ್ಟಾಗಿ ಓಡಾಡುವುದನ್ನು ನೋಡಿದ ಮೇಲೆ, ಆ ತಾಯಿಯೇ ಪಕ್ಕದ ಮನೆಯವಳಿಗೆ ಹೇಳುತ್ತಾಳೆ. ಆವಾಗ ನಮ್ಮ ಗೆಳೆಯರ ವಾದವೂ ಅವಳಿಗೆ ಅರ್ಥವಾಗುತ್ತದೆ.

ಇನ್ನು ರಕ್ತದಾನ. ಇದು ನಮ್ಮ ಹುಡುಗರದೇ ವಿಚಾರ. ಹೇಗಿದ್ದರೂ ರಕ್ತ ಕೊಡುತ್ತೇವೆ, ಯಾರಿಗಾದರೂ ಉಪಯೋಗ ಆಗಲಿ ಎಂದರು. ಈಗ ಎಲ್ಲ ಜಾತ್ರೆಯಲ್ಲೂ ರಕ್ತದಾನ ಶಿಬಿರ ಇರುತ್ತದೆ, ಹೊಸದೇನಲ್ಲ. ಆದರೆ ಮೊದಲ ವರ್ಷ ನಮ್ಮ ಶಿಬಿರ ಬಿದ್ದುಹೋಯಿತು. ಜಾತ್ರೆಯ ಹಿಂದಿನ ದಿನ, ಊರ ಹೊರಗಿನ ಶಾಲೆಯಲ್ಲಿ ಇಟ್ಟಿದ್ದರು. ಬಂದವರು ಬೆರಳೆಣಿಕೆಯಷ್ಟು. ಯಾಕೆ ಬರುತ್ತಾರೆ? ಯಾರೂ ನೋಡುವುದಿಲ್ಲ, ಸಮಾಳ ಇಲ್ಲ, ಒಂದು ಬಿಸ್ಕೀಟು, ಒಂದು ಪ್ರಮಾಣಪತ್ರ. ಮುಂದಿನ ವರ್ಷ ಹುಡುಗರು ಹಟ ಹಿಡಿದು ಶಿಬಿರವನ್ನು ಪಲ್ಲಕ್ಕಿ ಹೊರಡುವ ಕಟ್ಟೆಯ ಮಗ್ಗುಲಿಗೇ ತಂದರು. ಕೊಟ್ಟವರ ಹಣೆಗೆ ಅಜ್ಜಾರು ವಿಭೂತಿ ಹಚ್ಚಿದರು. ಪುರವಂತಜ್ಜ ಒಡಪಿನ ನಡುವೆ ಒಬ್ಬೊಬ್ಬನ ಹೆಸರು, ತಾಯಿಯ ಹೆಸರು, ಓಣಿಯ ಹೆಸರು ಕೂಗಿದರು. ಒಬ್ಬನ ಹೆಸರು ಒಡಪಿನಲ್ಲಿ ಬಂತೆಂದರೆ, ಮುಗಿಯಿತು, ಉಳಿದವರು ಸಾಲು ಹಚ್ಚಿದರು.

ಅವತ್ತೇ ಇನ್ನೊಂದು ಆಯಿತು. ಪಕ್ಕದೂರಿನ ಜಾತ್ರೆಯಲ್ಲಿ ಶಸ್ತ್ರ ಹಾಕಿಸಿಕೊಂಡು ಬಂದಿದ್ದ ಇಬ್ಬರು ಹುಡುಗರೂ ಸಾಲಿನಲ್ಲಿ ನಿಂತಿದ್ದರು. ವೈದ್ಯರು ಎಲ್ಲರಿಗೂ ಕೇಳುವಂತೆ ಅವರಿಗೂ ಕೇಳಿದರು: ಇತ್ತೀಚೆಗೆ ಮೈಗೆ ಏನಾದರೂ ಚುಚ್ಚಿಸಿಕೊಂಡಿದ್ದೀರಾ? ಹೌದು ಎಂದರು. ಹಾಗೆ ಚುಚ್ಚಿಸಿಕೊಂಡವರ ರಕ್ತವನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳುವುದಿಲ್ಲ. ಇಬ್ಬರನ್ನೂ ವಾಪಸು ಕಳಿಸಿದರು. “ನನ್ನ ರಕ್ತ ಬ್ಯಾಡ ಅಂದ್ರಲ್ರೀ” ಎಂದು ಒಬ್ಬ ನನ್ನ ಮುಂದೆ ಬಹಳ ನೊಂದುಕೊಂಡ. ಅವನಿಗೆ ನಾನು ಬುದ್ಧಿ ಹೇಳಲಿಲ್ಲ, ಪಲ್ಲಕ್ಕಿಗೆ ಹೆಗಲು ಕೊಡು ಬಾ ಎಂದೆ.

18 ತುಂಬದವರು, 45 ಕೆ.ಜಿ. ತೂಕ ಇಲ್ಲದವರು, ರಕ್ತಹೀನತೆ ಇದ್ದವರು ರಕ್ತ ಕೊಡುವಂತಿಲ್ಲ. ಬಡವರ ಮನೆಯ ಹುಡುಗರಲ್ಲಿ ಇಂಥವರು ಕಡಿಮೆ ಇಲ್ಲ. ಅವರನ್ನು ಹೊರಗೆ ಬಿಟ್ಟರೆ ಮತ್ತೆ ಹಳೆಯ ಕಥೆಯೇ. ಅದಕ್ಕೆ ದಾಸೋಹದ ರೊಟ್ಟಿ ಅವರದು. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಯಿಂದ ರೊಟ್ಟಿ ಬರುವುದನ್ನು ನೀವು ನೋಡಿದ್ದೀರಿ. ಅದೇ ರೀತಿ ಇವರು ಮನೆಮನೆಗೆ ಹೋಗಿ ರೊಟ್ಟಿ ಕೂಡಿಸಿ ಬುಟ್ಟಿ ಹೊತ್ತು ಪಲ್ಲಕ್ಕಿಯ ಮುಂದೆಯೇ ಬರುತ್ತಾರೆ, ಹಿಂದೆ ಅಲ್ಲ. ಅವರ ಹೆಸರೂ ಒಡಪಿನಲ್ಲಿ ಬರುತ್ತದೆ.

ಮೂರನೆಯ ವರ್ಷ ಹೆಣ್ಣುಮಕ್ಕಳು ಬಂದು ಕೇಳಿದರು, “ನಮಗೇನು?” ಶಸ್ತ್ರದ ಕಾಲದಲ್ಲಿ ಅವರಿಗೆ ಅಲ್ಲಿ ಕೆಲಸವೇ ಇರಲಿಲ್ಲ, ಮಾಳಿಗೆ ಮೇಲೆ ನಿಂತು ನೋಡುವುದು. ಈಗ 41 ದಿನದ ನಿಯಮ, ಲಿಂಗಪೂಜೆ, ಒಡಪು ಎಂದ ಮೇಲೆ ಅವರನ್ನು ಬೇಡ ಎನ್ನಲು ಯಾವ ಕಾರಣವಿತ್ತು? ಹಿರಿಯರು ಹಿಂದೆ ಮುಂದೆ ನೋಡಿದರು. ಆಯ್ದಕ್ಕಿ ಲಕ್ಕಮ್ಮ ಗಂಡನಿಗೇ ಕಾಯಕದ ಪಾಠ ಹೇಳಿದ ಪರಂಪರೆ ನಮ್ಮದು ಎಂದು ಭಾಷಣ ಮಾಡುವವರೇ ‘ಸಮಾಳ ಹೆಣ್ಣುಮಕ್ಕಳು ಹೊಡೆಯೋದಾ?’ ಎಂದರು. ಪುರವಂತಜ್ಜ ತಮ್ಮ ಮೊಮ್ಮಗಳನ್ನೇ ಕರೆದು ಕೂರಿಸಿ ಕಲಿಸತೊಡಗಿದರು. ಅಲ್ಲಿಗೆ ಆ ಚರ್ಚೆ ನಿಂತಿತು. ಲಕ್ಕಮ್ಮನ ಕಥೆ, ಹರಳಯ್ಯ-ಕಲ್ಯಾಣಮ್ಮನವರ ಕಥೆ ಈಗ ಒಡಪಿನ ಧಾಟಿಯಲ್ಲಿ ಬರುತ್ತವೆ. ಹುಡುಗಿಯರೇ ಕಟ್ಟಿದ್ದು. ಪ್ರಾಸ ಅಲ್ಲಲ್ಲಿ ತಪ್ಪುತ್ತದೆ, ದನಿ ತಪ್ಪುವುದಿಲ್ಲ.

ಈಗ ನಮ್ಮವರೇ ಕೇಳುವ ಒಂದು ಪ್ರಶ್ನೆಗೆ ಬರುತ್ತೇನೆ. ಬಸವತತ್ವ ಹೇಳುವವರು ವೀರಭದ್ರನ ಪಲ್ಲಕ್ಕಿ ಯಾಕೆ ಹೊರಬೇಕು, ಇಷ್ಟಲಿಂಗ ಇದ್ದವರಿಗೆ ಸ್ಥಾವರ ಯಾಕೆ, ಇದು ರಾಜಿಯಲ್ಲವೇ ಎಂದು. ಪ್ರಶ್ನೆ ನ್ಯಾಯವಾದದ್ದು. ನನ್ನ ತಿಳಿವಳಿಕೆ ಇಷ್ಟು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಗುಡಿಗೆ ಹೋಗಬೇಡಿ ಎಂದಷ್ಟೇ ಹೇಳಿ ಸುಮ್ಮನಾಗಿದ್ದರೆ ಕೆಲವು ಪಂಡಿತರು ತಲೆದೂಗುತ್ತಿದ್ದರು. ಗುಡಿಯ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರ ಅಂಗೈಗೆ ಲಿಂಗ ಕೊಟ್ಟರು. ಕೂಡಿ ಕೂರಲು ಅನುಭವ ಮಂಟಪ, ಕೂಡಿ ಉಣ್ಣಲು ದಾಸೋಹ, ಮಾಡುವ ಕೆಲಸಕ್ಕೆ ಕಾಯಕದ ಮಾನ. ಕೈಗೆ ಇಷ್ಟು ಬಂದ ಮೇಲೆ ಹಳೆಯದು ಕೈಯಿಂದ ಜಾರಿತು. ನಮ್ಮ ಹುಡುಗರ ಕೈಗೆ ಇನ್ನೂ ಏನನ್ನೂ ಕೊಡದೆ ಅವರು ಹಿಡಿದದ್ದನ್ನು ಕಸಿದುಕೊಳ್ಳುವ ಅಧಿಕಾರ ನನಗಿದೆ ಎಂದು ನಾನು ತಿಳಿದಿಲ್ಲ. ಪಲ್ಲಕ್ಕಿ ಇರುತ್ತದೋ ಹೋಗುತ್ತದೋ, ಅದನ್ನು ಇವತ್ತು ಲಿಂಗಪೂಜೆ ಕಲಿಯುತ್ತಿರುವ ಹುಡುಗರು ಮುಂದೆ ತಾವೇ ತೀರ್ಮಾನಿಸಲಿ. ಕೆನ್ನೆ ಚುಚ್ಚುವುದು ಮಾತ್ರ ಕಾಯುವ ವಿಷಯವಾಗಿರಲಿಲ್ಲ.

ಆಗದೆ ಉಳಿದದ್ದನ್ನು ಹೇಳಲೇಬೇಕು. ಎರಡು ಮನೆತನದವರು ಇವತ್ತಿಗೂ ಬೇರೆ ಊರಿನ ಜಾತ್ರೆಗೆ ಹೋಗಿ ಮಕ್ಕಳಿಗೆ ಶಸ್ತ್ರ ಹಾಕಿಸುತ್ತಾರೆ. ಅವರಲ್ಲಿ ಒಬ್ಬರು ಗೋಷ್ಠಿಗೆ ಬರುವುದನ್ನು ಬಿಟ್ಟರು. ಅವರ ಮನೆಯ ಮದುವೆಗೆ ನಾವು ಹೋಗುವುದನ್ನು ಬಿಟ್ಟಿಲ್ಲ. ಹೋದ ವರ್ಷ ಅವರ ಮಗಳ ಮದುವೆಯ ಗುಗ್ಗಳಕ್ಕೆ ನಮ್ಮ ಹುಡುಗರೇ ಸಮಾಳ ಹಿಡಿದು ಹೋದರು. ಅಲ್ಲಿ ಇಬ್ಬರಿಗೆ ಶಸ್ತ್ರ ಹಾಕಿದರು. ಆ ಹೊತ್ತಿಗೆ ನಮ್ಮ ಹುಡುಗರು ಬಾರಿಸುವುದನ್ನು ನಿಲ್ಲಿಸಿ ಸುಮ್ಮನೆ ನಿಂತರು, ಮುಗಿದ ಮೇಲೆ ಮತ್ತೆ ಬಾರಿಸಿದರು. ಅವರಿಗೆ ಹಾಗೆ ಮಾಡಿರೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಮನೆಯವರು ಗಮನಿಸಿದರು, ಏನೂ ಅನ್ನಲಿಲ್ಲ, ಎಲ್ಲರನ್ನೂ ಕೂರಿಸಿ ಊಟಕ್ಕೆ ಬಡಿಸಿದರು.

ಮದುವೆಯ ಗುಗ್ಗಳದ ವಿಷಯ ಇನ್ನೂ ನಮ್ಮ ಕೈಗೆ ಹತ್ತಿಲ್ಲ. ಜಾತ್ರೆ ಊರಿನದು, ಊರು ಕೂಡಿ ತೀರ್ಮಾನಿಸಬಹುದು. ಗುಗ್ಗಳ ಮನೆಯದು, ಅಲ್ಲಿ ಬೀಗರು ಏನನ್ನುತ್ತಾರೋ ಎಂಬ ಲೆಕ್ಕ ಬೇರೆ ಇರುತ್ತದೆ. ಹೆಣ್ಣಿನ ಕಡೆಯವರು ಬೇಡ ಎಂದರೂ ಗಂಡಿನ ಕಡೆಯವರು ಬೇಕು ಎಂದರೆ ಮುಗಿಯಿತು. ಮುಂದಿನ ಗೋಷ್ಠಿಯಲ್ಲಿ ಇದನ್ನೇ ಮಾತಾಡೋಣ ಎಂದು ಪೂಜ್ಯರಲ್ಲಿ ಅರಿಕೆ ಮಾಡಿದ್ದೇನೆ. ಅಕ್ಕನ ಬಳಗದವರು ಅವತ್ತು ತಪ್ಪದೆ ಬರಬೇಕು, ಈ ಗಂಟು ಬಿಚ್ಚುವುದಿದ್ದರೆ ಅವರ ಕೈಯಿಂದಲೇ.

ನಾನು ಇಷ್ಟು ಹೊತ್ತು ಯಾರ ಹೆಸರು ಹೇಳದೆ ಅಜ್ಜ ಅಜ್ಜ ಅಂದೆನೋ ಆ ಪುರವಂತಜ್ಜ ನಮ್ಮ ಜೊತೆ ಟೆಂಪೋದಲ್ಲಿ ಬಂದಿದ್ದಾರೆ. ಬಲಗಡೆ ಮೂರನೆಯ ಸಾಲಿನಲ್ಲಿ ಕೂತಿದ್ದಾರೆ. ಮೊಮ್ಮಗಳು ಸಮಾಳ ತಂದಿದ್ದಾಳೆ. ಪೂಜ್ಯರ ಅಪ್ಪಣೆಯಾದರೆ ಆಶೀರ್ವಚನಕ್ಕೆ ಮುಂಚೆ ಹತ್ತು ನಿಮಿಷ ಅವರ ಒಡಪು ಕೇಳೋಣ.